ನಾನು ಮಾಡಿದ ಕಡ್ಡಿಯೊಳಗೆ ಕಂಡದ್ದು

ಯಾರಾದರೂ ತಮ್ಮ ವಿಚಿತ್ರ ಅನುಭವ ಹೇಳತೊಡಗಿದರೆ ನಾನು ಮೂಗು ಮುರಿಯುತ್ತಿದ್ದೆ. ‘ಮೊದಲು ಕಣ್ಣು ತೋರಿಸಿಕೊಳ್ಳಿ’ ಎಂದು ಅಂದುಬಿಡುತ್ತಿದ್ದೆ. ಈಗ ನೀವು ನನಗೇ ಹಾಗೆಂದರೂ ಬೇಸರವಿಲ್ಲ.

ಆಗ ಜಮಖಂಡಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತ, ಪಿಎಚ್.ಡಿ.ಗಾಗಿ ಪಾರದರ್ಶಕ ಪ್ಲಾಸ್ಟಿಕ್ ಕಡ್ಡಿ ತಯಾರಿಸುತ್ತಿದ್ದೆ. ಪ್ಲಾಸ್ಟಿಕ್ ಕೊಳವೆಯಲ್ಲಿ ದ್ರವ ತುಂಬಿ ಬೆಚ್ಚಗಿಟ್ಟರೆ ಅದು ಹೆಪ್ಪು ಹಾಕಿದ ಹಾಲಿನಂತೆ ಗಟ್ಟಿಯಾಗುತ್ತದೆ. ಆದರೆ ಒಮ್ಮೆಲೇ ಅಲ್ಲ. ಅಂಚಿನಿಂದ ನಡುವಿನ ಕಡೆಗೆ ಗಟ್ಟಿಯಾಗುವ ಗೆರೆಯೊಂದು ನಿಧಾನವಾಗಿ ಸರಿಯುತ್ತದೆ. ಆ ಗೆರೆಯ ವೇಗವನ್ನು ಗಣಿತದಿಂದ ಮೊದಲೇ ಹೇಳಬೇಕು, ಪ್ರಯೋಗ ಅದಕ್ಕೆ ತಾಳೆಯಾಗಬೇಕು. ಸರಿಯಾಗಿ ಬಂದರೆ ಆ ಕಡ್ಡಿಯೇ ಒಂದು ಮಸೂರ, ಅಂದರೆ ಲೆನ್ಸು. ಅದರೊಳಗಿಂದ ಎದುರಿನದೆಲ್ಲ ತಲೆಕೆಳಗಾಗಿ ಕಾಣುತ್ತದೆ. ಗುಳ್ಳೆ ಎದ್ದು ಕೆಟ್ಟವೇ ರಾಶಿ ಬಿದ್ದಿದ್ದವು. ಕೊನೆಗೂ ಒಂದು ಸರಿಬಂದಾಗ ಪ್ರಯೋಗಶಾಲೆಯಲ್ಲಿ ಒಬ್ಬಳೇ ಕುಣಿದಿದ್ದೆ.

ಮರುದಿನವೇ ಬನಹಟ್ಟಿಯ ನಮ್ಮ ಮನೆಗೆ ಮುಧೋಳದವರು ಕನ್ಯೆ ನೋಡಲು ಬಂದರು. ಹಿಂದೆ ಬಂದವರೆಲ್ಲ ‘ಸಂಶೋಧನೆ ಬಿಡಬೇಕು’ ಎಂದಿದ್ದರು. ಇವರೂ ಹಾಗೆಂದರೆ ಒಲ್ಲೆ ಅನ್ನುವುದೆಂದು ಗಟ್ಟಿ ಮಾಡಿಕೊಂಡು ಕೂತಿದ್ದೆ.

‘ಕಾಲೇಜಿನ್ಯಾಗ ಏನ ಮಾಡ್ತೀಯವಾ?’ ಎಂದು ಹುಡುಗನ ಆಯಿ, ಅಂದರೆ ಅಜ್ಜಿ, ಕೇಳಿದರು. ಜಮಖಂಡಿಯಿಂದ ತಂದಿದ್ದ ಆ ಕಡ್ಡಿಯನ್ನೇ ಅವರ ಕೈಗಿತ್ತೆ.

ಆಯಿ ಕಣ್ಣಿಗೆ ಹಿಡಿದವರೇ, ‘ಅಯ್ಯ ಶಿವನ, ನಮ್ಮ ಮಂದಿ ಎಲ್ಲಾ ತೆಲಿ ಕೆಳಗ ಮಾಡಿ ಕುಂತಾರಲ್ಲೋ!’ ಎಂದರು. ಮನೆಯೆಲ್ಲ ನಗು. ಅವಲಕ್ಕಿ ಬಿಟ್ಟು ಎಲ್ಲರೂ ಕಡ್ಡಿಗೆ ಕೈಚಾಚಿದರು. ಹುಡುಗನೂ ನನ್ನ ಕಡೆ ಹಿಡಿದು ನೋಡಿ, ಇನ್ನೊಮ್ಮೆ ನೋಡಿ ಮರಳಿಸಿದ.

ಆಮೇಲೆ ನಾನು ನೋಡಿದೆ. ಹುಡುಗನ ಅಪ್ಪ ತಲೆಕೆಳಗು, ಕಾಕಾ ತಲೆಕೆಳಗು, ನಡುವೆ ಕೂತ ಹುಡುಗ ಮಾತ್ರ ನೆಟ್ಟಗೆ! ಸೆರಗಿನಿಂದ ಒರೆಸಿ, ತಿರುಗಿಸಿ ನೋಡಿದೆ. ಆಗಲೂ ನೆಟ್ಟಗೇ.

ಅಷ್ಟರಲ್ಲಿ ಆ ಹುಡುಗನೇ ಕೇಳಿದ: ‘ಇಂಥವು ಇನ್ನೂ ಮಾಡೂದೈತೇನ್ರಿ?’

‘ಹೂಂನ್ರಿ, ಭಾಳ ಅದಾವ.’

‘ಲಗ್ನಾದ ಮ್ಯಾಲೂ ಮಾಡ್ರಲ್ಲ. ಮುಧೋಳದಿಂದ ಜಮಖಂಡಿಗಿ ಬಸ್ಸಿಗೇನ್ ಬರಗಾಲ ಐತೇನ್ರಿ?’

ಅಳು ಬರುವಷ್ಟು ಖುಷಿಯಾಯಿತು. ಗೋಣು ಆಡಿಸಿಬಿಟ್ಟೆ.

ಮದುವೆಯಾದ ಮೇಲೆ ಅದೇ ಕಡ್ಡಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಎಲ್ಲರಂತೆ ನಮ್ಮ ಯಜಮಾನರೂ ತಲೆಕೆಳಗೇ! ಎದುರಿಗೆ ಕೂತವರು ಯಾರೆಂದು ಕೇಳುವ ಸಮೀಕರಣ ನನ್ನ ಪ್ರಬಂಧದಲ್ಲಿ ಎಲ್ಲೂ ಇಲ್ಲ. ಅವತ್ತು ಕಂಡದ್ದನ್ನು, ನಗುತ್ತಾರೆಂದು, ಯಾರಿಗೂ ಹೇಳಿರಲಿಲ್ಲ.

ಮೊನ್ನೆ ತಡೆಯಲಾರದೆ ಅವರಿಗೆ ಹೇಳಿದೆ. ಅವರು ನಗಲಿಲ್ಲ.

‘ನನಗೂ ಅವತ್ತ ನೀ ಒಬ್ಬಾಕಿನ ನೆಟ್ಟಗ ಕಂಡಿದ್ದಿ. ಕಡ್ಡಿ ನೀನ ಹಂಗ ಮಾಡೀದಿ ಅಂತ ತಿಳಕೊಂಡಿದ್ದೆ,’ ಎಂದರು.

ನಾನು ಮಾಡಿರಲಿಲ್ಲ.