ನನ್ನ ಕಾದಂಬರಿಯ ಏಕೈಕ ಓದುಗಿ

ಅಡಿಲೇಡಿನ ನಮ್ಮ ಬಡಾವಣೆಯ ಲೈಬ್ರರಿಯಲ್ಲಿ, ನಾನು ಕಾವ್ಯನಾಮದಲ್ಲಿ ಬರೆದ ಕಾದಂಬರಿಯ ಒಂದೇ ಪ್ರತಿ ಇದೆ. ವರ್ಷವಿಡೀ ಯಾರೂ ಒಯ್ಯದ ಪುಸ್ತಕ ರದ್ದಿಗೆ ಹೋಗುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ನಾನೇ ಅದನ್ನು ಎರವಲು ತರುತ್ತೇನೆ.

ಈ ಸಲ ಎರವಲು ದಾಖಲಿಸುವ ಯಂತ್ರ ನನ್ನ ಕಾರ್ಡನ್ನು ಒಪ್ಪಲಿಲ್ಲ. ಕೌಂಟರಿಗೆ ಹೋದೆ. ಅಲ್ಲಿದ್ದವಳು ದಾವಣಗೆರೆಯಿಂದ ಓದಲು ಬಂದ ಹುಡುಗಿ. ಪರದೆ ನೋಡಿ ನಕ್ಕಳು.

“ಆಂಟಿ, ಆರು ವರ್ಷದಿಂದ ನೀವೊಬ್ರೇ ತಗೊಂಡ್ಹೋಗಿದೀರ. ಇನ್ನೂ ಓದಿ ಮುಗಿಸಿಲ್ವಾ?”

“ಕೊನೆ ಸರಿಯಾಗಿಲ್ಲಮ್ಮ, ಅಲ್ಲಿಗೆ ಬಂದು ನಿಂತ್ಬಿಡ್ತೀನಿ,” ಎಂದೆ. ಸುಳ್ಳೇನಲ್ಲ.

ಅವಳು ಪುಸ್ತಕದ ಹಿಂಬದಿಯಲ್ಲಿದ್ದ ನನ್ನ ಮೂವತ್ತರ ವಯಸ್ಸಿನ ಫೋಟೋ ನೋಡಿದಳು.

“ಎಷ್ಟು ಚೆನ್ನಾಗಿದ್ರು! ಇದಾರಾ ಆಂಟಿ, ಹೋಗ್ಬಿಟ್ರಾ?”

ಕಾರ್ಡನ್ನು ಅವಳತ್ತ ಸರಿಸಿದೆ.

“ನೀನು ಡೇಟ್ ಹಾಕಿಕೊಟ್ರೆ ಇನ್ನೊಂದು ವರ್ಷ ಇರ್ತಾರಮ್ಮ,” ಎಂದೆ.