ಮೀನಿನ ಪೆಟ್ಟಿಗೆಗೆ ಸದ್ದಿಲ್ಲದ ಫಿಲ್ಟರ್

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವ. ಮಂಗಳೂರಿನಲ್ಲಿ ಒಬ್ಬರ ಕೈಕೆಳಗೆ ಸುಟ್ಟ ಮೋಟಾರಿಗೆ ತಂತಿ ಸುತ್ತುವುದನ್ನು ಕಲಿತು, ಎಂಬತ್ತರ ದಶಕ ಶುರುವಾಗುವಾಗ ಪುತ್ತೂರಿನ ದರ್ಬೆಯಲ್ಲಿ ಸ್ವಂತ ಅಂಗಡಿ ಹಾಕಿದೆ. ತೋಟದ ಪಂಪುಗಳೇ ನನ್ನ ಹೊಟ್ಟೆಪಾಡು. ನಾನು ಸುತ್ತಿಕೊಟ್ಟ ಮೋಟಾರು ಅದೇ ಬೇಸಿಗೆಯಲ್ಲಿ ವಾಪಸು ಬಂದರೆ ನನಗೆ ಊಟ ಸೇರುತ್ತಿರಲಿಲ್ಲ. ಬರುವುದೂ ಕಡಿಮೆಯೇ, ಹೇಳಿಕೊಳ್ಳುವುದರಲ್ಲಿ ನಾಚಿಕೆ ಎಂತದ್ದು. ಇಂಥವನಿಗೆ ಮೀನು ಸಾಕುವ ಗಾಜಿನ ಪೆಟ್ಟಿಗೆಗೆ ಫಿಲ್ಟರ್ ಆರಿಸುವ ಕೆಲಸ ಬಂದದ್ದು ಕೋಡಿಂಬಾಳದ ಒಂದು ಮನೆಯಿಂದ.

ಅವರು ಕೇರಳದಿಂದ ಬಂದು ರಬ್ಬರು, ಅಡಿಕೆ ಮಾಡಿಕೊಂಡಿದ್ದ ಕ್ರಿಶ್ಚಿಯನ್ನರು. ಯಜಮಾನರನ್ನು ಅಪ್ಪಚ್ಚ, ಅವರ ಹೆಂಡತಿಯನ್ನು ಅಮ್ಮಚ್ಚಿ ಅಂತ ಮನೆಯವರು ಕರೆಯುವ ಹಾಗೆಯೇ ನಾನೂ ಕರೆಯುತ್ತಿದ್ದೆ. ಅವರ ತೋಟದ ಪಂಪಿನ ರಿಪೇರಿಗೆ ಮೊದಲಿನಿಂದಲೂ ನಾನೇ ಹೋಗುತ್ತಿದ್ದದ್ದು. ಒಂದು ಮಳೆಗಾಲ ಅಪ್ಪಚ್ಚನಿಗೆ ಮೈಯ ಒಂದು ಬದಿ ಬಿದ್ದುಹೋಯಿತು. ಮಾತೂ ಹೋಯಿತು. ಎಡಗೈ ಮಾತ್ರ ಅವರು ಹೇಳಿದ ಹಾಗೆ ಕೇಳುತ್ತಿತ್ತು. ಎದುರಿನ ಕೋಣೆಯಲ್ಲಿ ಮಂಚ ಹಾಕಿ ಮಲಗಿಸಿದರು. ಆಳಿನ ಮೇಲೆ ಆಳು ಇಟ್ಟು ಗುಡ್ಡವನ್ನೇ ತೋಟ ಮಾಡಿದ ಮನುಷ್ಯ ಗೋಡೆ ನೋಡಿಕೊಂಡು ಬಿದ್ದಿದ್ದರು. ಗಂಜಿಯ ಚಮಚ ಹತ್ತಿರ ತಂದರೆ ಬಾಯಿ ಬಿಗಿಹಿಡಿಯುವುದು.

ಅವರ ಅಳಿಯ ಗಲ್ಫಿನಲ್ಲಿ ಕೆಲಸದಲ್ಲಿದ್ದ. ರಜೆಯಲ್ಲಿ ಬಂದವ ಮಂಗಳೂರಿನಿಂದ ಒಂದು ಅಕ್ವೇರಿಯಂ ತಂದು ಮಂಚದ ಎದುರಿಗೇ ಇಟ್ಟ. ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿ, ನೀರು ಸೋರದ ಹಾಗೆ ಸಂದಿಗೆ ಲಪ್ಪ ಮೆತ್ತಿದ್ದು. ಒಳಗೆ ಬಾಲ ಉದ್ದದ ಗೋಲ್ಡ್ ಫಿಶ್‌ಗಳು. ಮೀನು ನೋಡುತ್ತಾ ನೋಡುತ್ತಾ ಅಪ್ಪಚ್ಚ ಬಾಯಿ ತೆರೆಯತೊಡಗಿದರು. ಒಂದು ತಟ್ಟೆ ಗಂಜಿ ಹೋಗುತ್ತಿತ್ತು.

ತೊಂದರೆ ಎಲ್ಲ ಪೆಟ್ಟಿಗೆಯ ನೀರಿಗೆ ಗಾಳಿ ಬಿಡುವ ಸಣ್ಣ ಪಂಪಿನದ್ದು. ಬೆಂಕಿಪೆಟ್ಟಿಗೆಯಲ್ಲಿ ಕಣಜದ ಹುಳು ಹಾಕಿ ಮುಚ್ಚಿದ ಹಾಗೆ ಅದರ ಸದ್ದು. ಅಡಿಗೆ ರಬ್ಬರ್ ಶೀಟು ಮಡಚಿ ಇಟ್ಟು ನೋಡಿದರು. ಆ ಮನೆಯಲ್ಲಿ ರಬ್ಬರಿಗೆ ಬರವೆಂತ? ಆದರೂ ಸದ್ದು ನಿಲ್ಲಲಿಲ್ಲ. ಅಪ್ಪಚ್ಚ ಎಡಗೈಯನ್ನು ಕಿವಿಗೆ ಒತ್ತಿಕೊಂಡು ತಲೆ ಆಡಿಸುತ್ತಿದ್ದರು, ನಿದ್ದೆಯೇ ಇಲ್ಲ. ಪಂಪು ನಿಲ್ಲಿಸಿದರೆ ನೀರು ಅಕ್ಕಿ ತೊಳೆದ ನೀರಿನ ಹಾಗೆ ಆಗಿ, ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನಿದ್ದೆ ಸರಿಯಾಗದಿದ್ದರೆ ಬಿಪಿ ಏರಿ ಇನ್ನೊಂದು ಸಲ ಹೊಡೆದೀತು ಅಂತ ಡಾಕ್ಟರು ಹೆದರಿಸಿದ್ದರು. ಹಾಗಂತ ಮೀನು ತೆಗೆದರೆ ಗಂಜಿ ಇಳಿಯುವುದಿಲ್ಲ.

ಮುಂದಿನ ರಜೆಗೆ ಬಂದ ಅಳಿಯ ಎರಡು ಫಿಲ್ಟರ್ ಹೊತ್ತು ತಂದಿದ್ದ. ಒಂದು ದೊಡ್ಡದು, ಒಂದು ಸಣ್ಣದು. ಒಂದು ಈ ಮನೆಗೆ, ಇನ್ನೊಂದು ಮಂಗಳೂರಿನ ಅವನ ಸ್ನೇಹಿತನಿಗೆ. ಯಾವುದು ಇಟ್ಟುಕೊಳ್ಳುವುದು ಅಂತ ಪಂಪಿನವ ಹೇಳಲಿ ಅಂತ ನನ್ನನ್ನು ಕರೆಸಿದರು. ಅಂಥದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕಂಡಿಲ್ಲ ಅಂತ ಹೇಳಲೂ ಇಲ್ಲ. ಸುಮ್ಮನೆ ಬಿಚ್ಚಿದೆ.

ಹಾಲಿನ ಕ್ಯಾನಿನ ಹಾಗೆ ಬಿಗಿಯಾಗಿ ಮುಚ್ಚುವ ಡಬ್ಬಿ, ತಲೆಯ ಮೇಲೆ ಮೋಟಾರು, ಎರಡು ಪೈಪು. ಡಬ್ಬಿ ಇರುವುದು ಪೆಟ್ಟಿಗೆಯ ಹೊರಗೆ, ಮೇಜಿನ ಅಡಿಗೆ. ಒಂದು ಪೈಪಿನಲ್ಲಿ ನೀರು ತಾನಾಗಿ ಇಳಿದು ಡಬ್ಬಿಗೆ ಬರುವುದು, ಸ್ಪಂಜು, ಹತ್ತಿ ಎಲ್ಲ ದಾಟಿ ಇನ್ನೊಂದು ಪೈಪಿನಲ್ಲಿ ಮೇಲೆ ಹೋಗುವುದು. ನಡುವೆ ಪಿಂಗಾಣಿಯ ಸಣ್ಣ ಸಣ್ಣ ಟೊಳ್ಳು ತುಂಡುಗಳು, ಪಪ್ಪಾಯಿ ಎಲೆಯ ದಂಟು ಕೊಚ್ಚಿ ಹಾಕಿದ ಹಾಗೆ.

“ದೊಡ್ಡದೇ ಇಡುವ ಮಾರಾಯ್ರೆ,” ಅಂದ ಅಳಿಯ. “ಪವರ್ ಹೆಚ್ಚು ಇದ್ದಷ್ಟು ಒಳ್ಳೆಯದಲ್ವಾ?”

“ಇದು ತೋಟಕ್ಕೆ ನೀರು ಹಾರಿಸುದಲ್ಲ,” ಅಂದೆ.

“ಹಾಗಾದ್ರೆ ಸಣ್ಣದು ಸಾಕಾ?”

“ಓಡಿಸಿ ನೋಡದೆ ಹೇಳುದು ಹೇಗೆ?”

ಗಲ್ಫಿನ ಚೌಕ ಕಾಲಿನ ಪ್ಲಗ್ಗು ಕತ್ತರಿಸಿ ನಮ್ಮದು ಹಾಕಿದೆ. ನೀರು ಇಳಿಯಲಿ ಅಂತ ಪೈಪಿಗೆ ಬಾಯಿ ಕೊಟ್ಟು ಎಳೆದೆ. ಲೆಕ್ಕ ತಪ್ಪಿ ಬಾಯಿ ತುಂಬ ಬಂತು.

“ಎಂತ ಮೋನೆ, ಮೀನುಸಾರು ಹೇಗುಂಟು?” ಅಂದರು ಅಮ್ಮಚ್ಚಿ. ನನ್ನನ್ನು ಅವರು ಮಗನೇ ಅಂತಲೇ ಕರೆಯುವುದು, ಅವರ ಮಲಯಾಳದಲ್ಲಿ ಮೋನೆ.

“ಉಪ್ಪು ಕಮ್ಮಿ ಅಮ್ಮಚ್ಚಿ.”

ಅಪ್ಪಚ್ಚನ ತುಟಿಯ ಒಂದು ತುದಿ ಮೇಲೆ ಹೋಯಿತು. ಬಹಳ ದಿನಗಳ ಮೇಲೆ ನಗು ಕಂಡದ್ದು ಅಂತ ಅಮ್ಮಚ್ಚಿ ಆಮೇಲೆ ಹೇಳಿದರು.

ದೊಡ್ಡದನ್ನು ಓಡಿಸಿದಾಗ ಮೀನುಗಳು ತಿರುವಿನಲ್ಲಿ ಬಸ್ಸಿನ ಹಿಂದಿನ ಸೀಟಿನವರ ಹಾಗೆ ಒಂದೇ ಮೂಲೆಗೆ ಬಿದ್ದವು. ಬಾಲ ಎಲ್ಲ ಮಡಚಿಹೋಯಿತು. ಸಣ್ಣದರಲ್ಲಿ ನೀರು ತಿರುಗುತ್ತಿದ್ದರೂ ಅವು ಹಾಯಾಗಿ ಈಜುತ್ತಿದ್ದವು. ಅಷ್ಟಕ್ಕೇ ನಾನು ಬಿಡಲಿಲ್ಲ. ಅಳಿಯ ರಜೆ ಮುಗಿಸಿ ಹೋದ ಮೇಲೆ ಇದನ್ನು ಬಿಚ್ಚಿ ತೊಳೆಯುವವರು ಅಮ್ಮಚ್ಚಿ. ಹಾಗಾಗಿ ಅವರ ಕೈಗೇ ಕೊಟ್ಟು ಮುಚ್ಚಳ ತೆಗೆಸಿದೆ. ದೊಡ್ಡದರ ಕೊಂಡಿಗಳು ಅವರ ಬೆರಳಿಗೆ ಬಗ್ಗಲಿಲ್ಲ, ಸಣ್ಣದರದ್ದು ಬಗ್ಗಿತು. ಮುಚ್ಚಳದ ರಬ್ಬರ್ ರಿಂಗಿನ ಅಳತೆಯನ್ನೂ ನೋಡಿದೆ. ಸಣ್ಣದಕ್ಕೆ ನನ್ನ ಅಂಗಡಿಯಲ್ಲಿದ್ದ ಒಂದು ರಿಂಗು ಹೊಂದುತ್ತಿತ್ತು. ದೊಡ್ಡದರ ರಿಂಗು ಹೋದರೆ ಯಾರು ಗಲ್ಫಿಗೆ ಓಡುವುದು?

“ಸಣ್ಣದೇ,” ಅಂದೆ. “ಕಿವಿ ಇಟ್ಟು ಕೇಳಿ. ಓಡ್ತಾ ಉಂಟಾ ನಿಂತಿದೆಯಾ ಅಂತ ಗೊತ್ತೇ ಆಗುದಿಲ್ಲ.”

ದರ್ಬೆಯ ಹೋಟೆಲಿನಲ್ಲಿ ಚಾ ಕುಡಿಯುವಾಗಲೆಲ್ಲ ಸದ್ದಿಲ್ಲದ ಫಿಲ್ಟರ್ ಆರಿಸಿದ ಅದೇ ಕಥೆ ಹೇಳಿದೆ, ಕೇಳುವವರಿಗೆ ಸಾಕಾಗುವಷ್ಟು. ಅಳಿಯ ಊರು ಬಿಟ್ಟ ಮೇಲೆ ಅಮ್ಮಚ್ಚಿ ಔಷಧಿಗೆ ಪುತ್ತೂರಿಗೆ ಬಂದವರು ನೇರ ನನ್ನ ಅಂಗಡಿಗೆ ಬಂದರು. ಮುಖ ಬಾಡಿತ್ತು.

“ಇವರ ನಿದ್ದೆ ಮೊದಲಿಗಿಂತ ಕಷ್ಟ ಆಗಿದೆ ಮೋನೆ. ಕಣ್ಣು ಮುಚ್ಚುದು, ಥಟ್ಟನೆ ಬಿಡುದು, ಬಾಗಿಲಿನ ಕಡೆಗೆ ಕೈ ತೋರಿಸುದು. ಎಂತ ಬೇಕು ಅಂತ ತಿಳಿಯುದಿಲ್ಲ.”

“ಫಿಲ್ಟರ್ ಸದ್ದು ಮಾಡ್ತದಾ?” ನನ್ನ ಸ್ವರ ಬಿಸಿಯಾಗಿಯೇ ಇತ್ತು.

“ಇಲ್ಲ. ಸದ್ದೇ ಇಲ್ಲ.”

ಮರುದಿನ ಕಡಬದ ಬಸ್ಸು ಹಿಡಿದು ಕೋಡಿಂಬಾಳಕ್ಕೆ ಹೋದೆ. ನನ್ನ ಕೆಲಸದಲ್ಲಿ ತಪ್ಪಿಲ್ಲ ಅಂತ ತೋರಿಸಿ ಬರಬೇಕಿತ್ತು. ಫಿಲ್ಟರ್ ಚೆನ್ನಾಗಿಯೇ ಓಡುತ್ತಿತ್ತು, ನೀರು ಕನ್ನಡಿಯ ಹಾಗಿತ್ತು. ಮಧ್ಯಾಹ್ನ ಊಟ ಮಾಡಿ ಅಲ್ಲೇ ಕೂತೆವು. ಹೊತ್ತು ಕಳೆದು ದೊಡ್ಡ ಪಂಪು ಓಡುವ ತ್ರೀ ಫೇಸ್ ಕರೆಂಟು ಬಂತು. ಕೆಲಸದವ ತೋಟದ ಪಂಪು ಹಾಕಿದ. ಮನೆಯ ಪಕ್ಕದ ಸಿಮೆಂಟಿನ ಟ್ಯಾಂಕಿಗೆ ನೀರು ದಬದಬ ಬೀಳತೊಡಗಿತು. ಅಪ್ಪಚ್ಚನ ಕಣ್ಣು ತಾನಾಗಿ ಮುಚ್ಚಿತು, ಸಣ್ಣ ಗೊರಕೆಯೂ ಬಂತು. ಆಮೇಲೆ ಕರೆಂಟು ಹೋಯಿತು. ನೀರು ನಿಂತದ್ದೇ ತಡ, ಅವರ ಕಣ್ಣು ತೆರೆಯಿತು, ಎಡಗೈ ಬಾಗಿಲಿನ ಕಡೆ.

ಅಮ್ಮಚ್ಚಿ ಆ ಕೈಯನ್ನೇ ನೋಡುತ್ತಾ ಕೂತರು. ಬಾಗಿಲಿನಾಚೆ ಪಂಪಿನ ಶೆಡ್ಡಿಗೆ ಇಳಿಯುವ ದಾರಿ.

“ಅಯ್ಯೋ, ಪಂಪು ನಿಂತಿದೆ ಅಂತ ಹೇಳುದು ಇವರು!” ಅಂದರು. “ಬೇಸಿಗೆ ಇಡೀ ಹೀಗೇ ಅಲ್ವಾ ಮಲಗ್ತಾ ಇದ್ದದ್ದು. ಟ್ಯಾಂಕಿಗೆ ನೀರು ಬೀಳುದು ಕೇಳ್ತಾ ಇದ್ರೆ ನಿದ್ದೆ. ನಿಂತರೆ ಎದ್ದು ಶೆಡ್ಡಿಗೆ ಓಡುದು. ಈಗ ಎದುರಿಗೆ ಪೈಪು ಕಾಣ್ತದೆ, ನೀರು ಬೀಳುದು ಕೇಳುದಿಲ್ಲ. ಮಲಗುದು ಹೇಗೆ?” ನನ್ನ ಕಡೆ ತಿರುಗಿದರು. “ಮೋನೆ, ಇದಕ್ಕೆ ಸದ್ದು ಬರಿಸು.”

“ಸದ್ದು ಬೇಡ ಅಂತಲೇ ಆರಿಸಿದ್ದಲ್ವಾ ಅಮ್ಮಚ್ಚಿ!”

“ಮೋಟಾರಿನ ಸದ್ದು ಬೇಡ. ನೀರಿನದ್ದು ಬೇಕು.”

ಊರಿಗೆಲ್ಲ ಹೇಳಿಕೊಂಡು ತಿರುಗಿದ ಗುಣವೇ ಈ ಮನೆಗೆ ಕೊರತೆಯಾಗಿತ್ತು. ಮಂಚದ ಮೇಲಿನ ಕೈ ಇನ್ನೂ ಇಳಿದಿರಲಿಲ್ಲ. ಚೀಲದಿಂದ ತಂತಿ ತೆಗೆದೆ.

ಮನೆಯ ಕರೆಂಟು ಮಾತ್ರ ಬಂದ ಮೇಲೆ, ನೀರಿನೊಳಗೆ ಮುಳುಗಿದ್ದ ಪೈಪಿನ ಬಾಯಿಯನ್ನು ಮೇಲೆತ್ತಿ ಚೌಕಟ್ಟಿಗೆ ಕಟ್ಟಿದೆ. ನೀರು ಮೇಲಿನಿಂದ ಬಿದ್ದು ಗೋಡೆಗೆಲ್ಲ ಸಿಡಿಯಿತು. ಅಪ್ಪಚ್ಚ ಅಂಗೈ ಕೆಳಗೆ ಮಾಡಿ ತೋರಿಸಿದರು. ಇಳಿಸಿದೆ. ಸದ್ದು ತೀರ ಸಣ್ಣದಾಯಿತು. ಅಂಗೈ ಮೇಲಾಯಿತು. ಎತ್ತಿದೆ. ಇನ್ನೂ ಒಂದಿಷ್ಟು. ಹಿಂದೆ ತೋಟದಲ್ಲಿ ನಿಂತು ನನ್ನ ಕೈಯಲ್ಲಿ ವಾಲ್ವು ತಿರುಗಿಸುವಾಗಲೂ ಅವರು ಹೀಗೇ, ಒಂದು ಕೂದಲು ಆಚೀಚೆ ಆದರೂ ಬಿಡುವವರಲ್ಲ. ಕೊನೆಗೆ ಕೈ ಸಾಕು ಅಂದಿತು. ಗುಳುಗುಳು ಅಂತ ಹದವಾದ ಸದ್ದು. ತಂತಿ ಬಿಗಿದೆ.

ಅವರಿಗೆ ನಿದ್ದೆ ಹತ್ತಿತು. ಅಮ್ಮಚ್ಚಿ ಸಿಡಿದ ನೀರು ಒರೆಸಿ, ಸದ್ದಾಗದ ಹಾಗೆ ನನಗೆ ಕಾಫಿ ತಂದಿಟ್ಟರು.

ಲೋಟ ಅರ್ಧ ಆಗುವಾಗ ಪುನಃ ಕರೆಂಟು ಹೋಯಿತು. ಗುಳುಗುಳು ನಿಂತಿತು, ಅಪ್ಪಚ್ಚ ಕಣ್ಣು ಬಿಟ್ಟರು. ಈ ಸಲ ಕೈ ಬಾಗಿಲಿಗೆ ಹೋಗಲಿಲ್ಲ. ಗೋಡೆಯಲ್ಲಿದ್ದ ಫಿಲ್ಟರಿನ ಸ್ವಿಚ್ಚಿಗೆ ಬೆರಳು ತೋರಿಸಿ ಒತ್ತುವ ಹಾಗೆ ಮಾಡಿದರು.

“ಆಫ್ ಮಾಡಬೇಕಂತೆ,” ಅಂದರು ಅಮ್ಮಚ್ಚಿ. “ಕರೆಂಟು ಬರುವಾಗ ವೋಲ್ಟೇಜು ಸರಿ ಇರುದಿಲ್ಲ, ಮೋಟಾರು ಸುಟ್ಟೀತು ಅಂತ.”

ನಾನು ಎದ್ದು ಹೋಗಿ ಆಫ್ ಮಾಡಿದೆ. ಅಪ್ಪಚ್ಚ ತಲೆ ಸ್ವಲ್ಪ ಎತ್ತಿ ಸ್ವಿಚ್ಚನ್ನು ನೋಡಿದರು, ಆಮೇಲೆ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದರು.