ಮುಚ್ಚಳದ ಸದ್ದು

ಬೆಳಕು ಹರಿಯುವ ಮುಂಚೆ ಅವಳು ಮಾಡಿ ಮುಗಿಸಬೇಕಾದ ಕೆಲಸಗಳು ಇವು: ಹಾಲಿನ ಪಾತ್ರೆಯನ್ನು ಒಲೆಗೆ ತಾಗಿದ್ದೇ ಗೊತ್ತಾಗದಂತೆ ಇಡುವುದು, ನಲ್ಲಿಗೆ ಬಟ್ಟೆ ಕಟ್ಟಿ, ನೀರು ಆ ಬಟ್ಟೆಯ ಗುಂಟ ಜಾರುವಂತೆ ಮಾಡಿ ಬಕೆಟ್ ತುಂಬಿಸುವುದು, ರಾತ್ರಿಯ ಪಾತ್ರೆಗಳನ್ನು ಒಂದಕ್ಕೊಂದು ತಾಕದಂತೆ ತೊಳೆದು ಟವೆಲಿನ ಮೇಲೆ ಬೋರಲು ಹಾಕುವುದು, ಮಣೆಯ ಕೆಳಗೆ ಹಳೇ ಪೇಪರ್ ಮಡಿಸಿಟ್ಟು ತರಕಾರಿ ಹೆಚ್ಚುವುದು, ಮಗಳ ಯೂನಿಫಾರ್ಮ್ ಇಸ್ತ್ರಿ ಮಾಡುವುದು, ಊಟದ ಡಬ್ಬಿಗಳನ್ನು ಕಟ್ಟುವುದು, ಗಂಡನ ಷರ್ಟಿಗೆ ಗುಂಡಿ ಹೊಲಿಯುವುದು. ಗಂಡ ಸಿನಿಮಾ ಸ್ಟುಡಿಯೋದಲ್ಲಿ ರೆಕಾರ್ಡಿಸ್ಟ್. ದಿನವಿಡೀ ಕಿವಿಯಿಂದ ದುಡಿಯುವ ತನಗೆ ಮನೆಯಲ್ಲಿ ಒಂದು ಚಮಚ ಬಿದ್ದರೂ ತಲೆ ಸಿಡಿಯುತ್ತದೆ ಎಂದು ಮದುವೆಯಾದ ಹೊಸದರಲ್ಲೇ ಹೇಳಿಬಿಟ್ಟಿದ್ದ. ಅವನ ಕಿವಿಗೆ ವಿಶ್ರಾಂತಿ ಬೇಕಿತ್ತು. ಅವಳ ಕೈಗೆ ಬೇಕೇ ಎಂದು ಕೇಳುವ ಪರಿಪಾಠ ಆ ಮನೆಯಲ್ಲಿರಲಿಲ್ಲ.

ಹೀಗೆ ಕಳ್ಳಿಯಂತೆ ಮನೆಗೆಲಸ ಮುಗಿಸಿದವಳು ಗಂಡನ ಸ್ಕೂಟರಿನ ಹಿಂದೆ ಕೂತು ಸ್ಟುಡಿಯೋಗೆ ಹೋಗಿ, ಸಂಜೆಯವರೆಗೆ ಸದ್ದು ಮಾಡುತ್ತಿದ್ದಳು. ಅದೇ ಅವಳ ಕಸುಬು. ಶೂಟಿಂಗಿನಲ್ಲಿ ಹಿಡಿದ ಸದ್ದು ಹೆಚ್ಚಾಗಿ ಕೆಲಸಕ್ಕೆ ಬಾರದು. ಆಮೇಲೆ ಕತ್ತಲ ಕೋಣೆಯಲ್ಲಿ ಚಿತ್ರವನ್ನು ಪರದೆಯ ಮೇಲೆ ಓಡಿಸಿ, ಅದನ್ನು ನೋಡುತ್ತ ಮೈಕಿನ ಮುಂದೆ ಒಂದೊಂದೇ ಸದ್ದನ್ನು ಹೊಸದಾಗಿ ಮಾಡಬೇಕು. ತೆಂಗಿನ ಚಿಪ್ಪಿನಲ್ಲಿ ಕುದುರೆ ಓಡಿಸಬೇಕು, ಪ್ಲಾಸ್ಟಿಕ್ ಕವರು ಮುದುರಿ ಬೆಂಕಿ ಹಚ್ಚಬೇಕು, ಕ್ಯಾರೆಟ್ ಮುರಿದು ಖಳನಾಯಕನ ಎಲುಬು ಮುರಿಯಬೇಕು. ಮುರಿದ ಕ್ಯಾರೆಟ್ಟು ಸಂಜೆ ಅವಳ ಚೀಲದಲ್ಲಿ ಮನೆಗೆ ಬರುತ್ತಿತ್ತು. ಎಷ್ಟೋ ಖಳನಾಯಕರ ಎಲುಬನ್ನು ಆ ಮನೆಯವರು ಚಪ್ಪರಿಸಿಕೊಂಡು ತಿಂದಿದ್ದಾರೆ.

ಅವಳು ಈ ಕೆಲಸಕ್ಕೆ ಬಂದದ್ದು ಡಬ್ಬಿ ಕೊಡಲು ಹೋಗಿ. ಅವತ್ತು ಅಲ್ಲಿನ ಗಂಡಸರು ನಾಯಕಿ ಕಸ ಗುಡಿಸುವ ಸದ್ದು ಮಾಡಲು ಬೆಳಗಿನಿಂದ ಒದ್ದಾಡುತ್ತಿದ್ದರು. ಪೊರಕೆಯನ್ನು ಯಾವತ್ತೂ ಕೈಯಲ್ಲಿ ಹಿಡಿದವರಲ್ಲ. ಅವರು ಗುಡಿಸಿದರೆ ನಾಯಕಿ ಗೋಡೆ ಕೆರೆಯುತ್ತಿದ್ದಾಳೇನೋ ಅನ್ನಿಸುತ್ತಿತ್ತು. ಅವಳು ಡಬ್ಬಿ ಕೆಳಗಿಟ್ಟು ಪೊರಕೆ ಇಸಿದುಕೊಂಡಳು. ಮನೆಯಲ್ಲಿ ಮಾಡೋದನ್ನೇ ಇಲ್ಲೂ ಮಾಡು, ಅದರಲ್ಲೇನಿದೆ ಎಂದು ಗಂಡ ಮಾರನೆಯ ದಿನದಿಂದ ಅವಳನ್ನೂ ಕರೆದುಕೊಂಡು ಹೊರಟ. ಸ್ಟುಡಿಯೋದವರೆಲ್ಲ ಅವಳನ್ನು ಸದ್ದಕ್ಕ ಎಂದರು. ಸಂಬಳ ಮಾತ್ರ ಅವನ ಸಂಬಳದೊಳಗೇ ಸೇರಿ ಬರುತ್ತಿತ್ತು. ಟೈಟಲ್ಲಿನಲ್ಲಿ ಶಬ್ದವೆಲ್ಲವೂ ಅವನ ಹೆಸರಿಗೆ.

ಹೀಗಿರುವಾಗ ಒಬ್ಬ ನಿರ್ದೇಶಕ ಬಂದ. ಅವನ ಚಿತ್ರದಲ್ಲಿ ಒಂದು ಅಡುಗೆಮನೆಯ ದೃಶ್ಯ. ಮಾತಿಲ್ಲ, ಸಂಗೀತವಿಲ್ಲ. ಊಟಕ್ಕೆ ಬರುತ್ತೇನೆಂದು ಹೇಳಿದ ಗಂಡ ಬರುವುದಿಲ್ಲ. ಹೆಂಡತಿ ತೊಳೆಯುತ್ತಾಳೆ, ಹೆಚ್ಚುತ್ತಾಳೆ, ಬೇಯಿಸುತ್ತಾಳೆ, ಕಾಯುತ್ತಾಳೆ. ಕೊನೆಗೆ ಸಣ್ಣಗೆ ನಕ್ಕು ಪಾತ್ರೆಗೆ ಮುಚ್ಚಳ ಹಾಕುತ್ತಾಳೆ. ನಟಿ ಆ ಮುಚ್ಚಳವನ್ನು ಹೂವಿಟ್ಟ ಹಾಗೆ ಇಟ್ಟಿದ್ದಳು.

ಆ ದೃಶ್ಯದ ಸದ್ದು ಮಾಡುವ ದಿನವೇ ಟೈಟಲ್ ಬರೆಯುವವನೂ ಬಂದಿದ್ದ. ಅವಳು ಬಹಳ ದಿನದಿಂದ ನಾಲಿಗೆಯ ತುದಿಯಲ್ಲಿದ್ದದ್ದನ್ನು ಕೇಳಿಯೇಬಿಟ್ಟಳು.

"ರೀ, ಈ ಸಲ ನನ್ನ ಹೆಸರೂ ಎಲ್ಲಾದ್ರೂ ಒಂದ್ ಕಡೆ ಹಾಕಿಸ್ತೀರಾ?"

ಗಂಡ ಹೆಡ್‌ಫೋನನ್ನು ಕತ್ತಿಗೆ ಇಳಿಸಿ ಎಲ್ಲರ ಮುಖ ನೋಡಿ ನಕ್ಕ. "ಪಾತ್ರೆ ಕುಕ್ಕೋದಕ್ಕೂ ಹೆಸರು ಬೇಕಾ ನಿಂಗೆ? ಹಂಗಾದ್ರೆ ಮನೇಲಿ ದಿನಾ ಟೈಟಲ್ ಹಾಕ್ಬೇಕಾಗುತ್ತೆ."

ಎಲ್ಲರೂ ನಕ್ಕರು. ದೀಪ ಆರಿತು, ಚಿತ್ರ ಓಡಿತು. ಅವಳ ಕೈ ತೊಳೆಯಿತು, ಹೆಚ್ಚಿತು, ಕದಡಿತು, ಎಲ್ಲ ಚಿತ್ರದ ಜೊತೆಜೊತೆಗೇ. ಮುಚ್ಚಳದ ಹತ್ತಿರ ಬಂದಾಗ ಆ ನಗು ಇನ್ನೂ ಅವಳ ಕಿವಿಯಲ್ಲಿತ್ತು. ಪರದೆಯ ಮೇಲೆ ಮುಚ್ಚಳ ಮೆಲ್ಲಗೆ ಇಳಿಯಿತು. ಅವಳ ಕೈಯಲ್ಲಿದ್ದದ್ದು ಪಾತ್ರೆಯ ಮೇಲೆ ಅಪ್ಪಳಿಸಿತು. ಕೋಣೆಯಲ್ಲಿದ್ದವರು ಬೆಚ್ಚಿಬಿದ್ದರು. ಗಂಡ ಕಿವಿಯಿಂದ ಹೆಡ್‌ಫೋನ್ ಕಿತ್ತೊಗೆದು ಬೈಯಲು ಬಾಯಿ ತೆರೆದ. ಅವಳೇ ನಾಚಿಕೆಯಿಂದ, ತಪ್ಪಾಯಿತು, ಇನ್ನೊಂದು ಸಲ ಮಾಡುತ್ತೇನೆ ಎಂದಳು. ನಿರ್ದೇಶಕ ಬೇಡವೆಂದು, ಪರದೆಯ ಮೇಲಿನ ನಟಿಯ ಕೈ ತೋರಿಸಿದ. "ಆ ಕೈ ಏನನ್ನ ಬಚ್ಚಿಡ್ತಿದೆಯೋ ಅದು ಈಗ ಕೇಳಿಸ್ತು. ಹಾಗೇ ಇರಲಿ."

ಚಿತ್ರ ಹೆಸರು ಮಾಡಿತು. ಆ ಮುಚ್ಚಳ ಅದಕ್ಕಿಂತ ಹೆಚ್ಚು ಹೆಸರು ಮಾಡಿತು. ನಮ್ಮ ಸಿನಿಮಾದಲ್ಲಿ ಶಬ್ದ ತಾನಾಗಿ ಮಾತಾಡಿದ್ದು ಇಲ್ಲಿಂದಲೇ ಎಂದು ವಿಮರ್ಶಕರು ಬರೆದರು. ಗಂಡನಿಗೆ ಪ್ರಶಸ್ತಿಗಳು ಬಂದವು. ಅವುಗಳ ದೂಳು ಒರೆಸುವುದು ಅವಳ ಕೆಲಸಗಳ ಸಾಲಿಗೆ ಸೇರಿತು. ನಿರ್ದೇಶಕ ತೀರಿಕೊಂಡ ಮೇಲೆ ಅವನಾಡಿದ ಮಾತನ್ನೂ ಗಂಡ ತನ್ನದಾಗಿಸಿಕೊಂಡ. ಕೈ ಬಚ್ಚಿಡುವುದನ್ನು ಶಬ್ದ ಹೇಳಬೇಕು ಅಂತ ನನಗೆ ಹೊಳೆಯಿತು ಎಂದು ಸಂದರ್ಶನಗಳಲ್ಲಿ ಹೇಳುತ್ತಿದ್ದ. ಅವಳು ಸಂದರ್ಶಕರಿಗೆ ಚಹಾ ಕೊಟ್ಟು ಒಳಗೆ ಹೋಗಿ ನಿಲ್ಲುತ್ತಿದ್ದಳು. ತನ್ನ ಸಿಟ್ಟಿಗೆ ಅವನು ವ್ಯಾಖ್ಯಾನ ಕೊಡುವುದನ್ನು ಅಡುಗೆಮನೆಯಿಂದ ಕೇಳುವುದು, ಕೆನ್ನೆಗೆ ಹೊಡೆದವನೇ ಬಂದು ಕೆಂಪು ಎಷ್ಟು ಚೆನ್ನಾಗಿ ಬಂದಿದೆ ಎಂದ ಹಾಗಿತ್ತು.

ಇಬ್ಬರಿಗೂ ತಲೆ ನರೆತ ಮೇಲೆ ಊರಿನ ಹಳೆಯ ಚಿತ್ರಮಂದಿರವನ್ನು ಸಿನಿಮಾ ಸಂಗ್ರಹಾಲಯ ಮಾಡಿದರು. ಚಿತ್ರ ಮೊದಲ ಬಾರಿ ಅಲುಗಾಡಿದ್ದು, ಮಾತು ಕಲಿತದ್ದು, ಬಣ್ಣ ಬಳಿದುಕೊಂಡದ್ದು, ಒಂದೊಂದಕ್ಕೂ ಒಂದೊಂದು ಗೋಡೆ. ಕೊನೆಯ ಗೋಡೆ ಆ ಮುಚ್ಚಳಕ್ಕೆ. ಅಡಿಯಲ್ಲಿ ದಪ್ಪ ಅಕ್ಷರದಲ್ಲಿ ಗಂಡನ ಹೆಸರು. ಉದ್ಘಾಟನೆಯ ದಿನ ಆ ದೃಶ್ಯವನ್ನು ಸದ್ದಿಲ್ಲದೆ ಓಡಿಸುತ್ತೇವೆ, ಸರ್ ವೇದಿಕೆಯ ಮೇಲೆ ಜನರ ಕಣ್ಣೆದುರೇ ಸದ್ದು ಮಾಡಿ ತೋರಿಸಬೇಕು ಎಂದು ಸಂಗ್ರಹಾಲಯದ ಮೇಡಂ ಫೋನಿನಲ್ಲಿ ಕೇಳಿದರು. ಗಂಡ ಹಿಂದುಮುಂದು ನೋಡದೆ ಒಪ್ಪಿಕೊಂಡ. ಫೋನ್ ಇಟ್ಟ ಮೇಲೆ ಮುಖ ಬಿಳಿಚಿಕೊಂಡಿತು.

ರಾತ್ರಿ ಊಟಕ್ಕೆ ಕೂತಾಗ ತನ್ನ ಉಪಾಯ ಹೇಳಿದ. ಅವನು ಮುಂದೆ, ಮೇಜಿನ ಹತ್ತಿರ. ಅವಳು ಚಿತ್ರ ಓಡುವ ಪರದೆಯ ಹಿಂದೆ, ಇನ್ನೊಂದು ಮೈಕಿನ ಹತ್ತಿರ. ಆ ಮೈಕು ಪ್ರತಿಧ್ವನಿಗೆ ಬೇಕು ಎಂದು ಮೇಡಂಗೆ ಆಗಲೇ ಹೇಳಿಯಾಗಿತ್ತು. ಅವನು ಕೈಯಾಡಿಸುತ್ತಾನೆ, ಸದ್ದು ಅವಳದು. ಅವನ ಪಾತ್ರೆಗಳು ಬಾಯಿ ಬಿಡಬಾರದು, ಆದ್ದರಿಂದ ಅವುಗಳ ತಳಕ್ಕೂ ಮುಚ್ಚಳದ ಅಂಚಿಗೂ ದಪ್ಪ ಬಟ್ಟೆ ಹೊಲಿಯಬೇಕು. ಅದನ್ನೂ ಅವಳೇ ಹೊಲಿಯಬೇಕು.

ಬ್ಯಾಂಕಿನ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ ಮಗಳು ತಟ್ಟೆ ನೋಡುತ್ತ ಹೇಳಿದಳು. "ಇದೊಂದ್ ಸಲ ಮಾಡಮ್ಮ. ಅಪ್ಪಂಗೂ ವಯಸ್ಸಾಯ್ತು."

"ನಂಗೇನು ವಯಸ್ಸು ಕಮ್ಮಿ ಆಗ್ತಾ ಬಂತಾ?"

"ಹಂಗಲ್ಲ. ಅಷ್ಟು ಜನರ ಮುಂದೆ ಅವಮಾನ ಆದ್ರೆ ಅವರು ತಡ್ಕೊಳಲ್ಲ. ನೀನಾದ್ರೆ..."

ನೀನಾದರೆ ತಡೆದುಕೊಳ್ಳುತ್ತೀಯ. ಮಗಳು ಆ ಮಾತು ಪೂರ್ತಿ ಮಾಡಲಿಲ್ಲ, ಮಾಡುವ ಅಗತ್ಯವೂ ಇರಲಿಲ್ಲ. ಸ್ಟುಡಿಯೋದಲ್ಲಿ ಗಂಡ ನಕ್ಕ ನಗುವಿಗಿಂತ ಮಗಳ ಆ ಅರ್ಧ ಮಾತೇ ಅವಳನ್ನು ಹೆಚ್ಚು ಉರಿಸಿತು. ಹೊಲಿಯಲು ಕೂತಾಗ ಸೂಜಿ ಎರಡು ಸಲ ಬೆರಳಿಗೆ ಇಳಿಯಿತು. ಆದರೂ ಹೊಲಿದಳು.

ಉದ್ಘಾಟನೆಯ ಸಂಜೆ ಸಭಾಂಗಣ ತುಂಬಿತ್ತು. ಗಂಡ ಹೊಸ ಕೋಟು ತೊಟ್ಟು ಹೊರಗೆ ಕೈಕುಲುಕುತ್ತಿದ್ದ. ವೇದಿಕೆಯ ಮೇಲೆ ಪಾತ್ರೆ ಜೋಡಿಸುತ್ತಿದ್ದ ಅವಳ ಹತ್ತಿರ ಮೇಡಂ ಬಂದರು. ಇಂಥ ಕಲಾವಿದರ ಮನೆಯವರು ಎಷ್ಟು ತ್ಯಾಗ ಮಾಡಿರುತ್ತಾರೆ ಅಲ್ಲವೇನಮ್ಮ ಎಂದು ಪ್ರೀತಿಯಿಂದಲೇ ಹೇಳಿ ಹೋದರು.

ಅವಳು ಪರದೆಯ ಹಿಂದೆ ಹೋದಳು. ಒಂದು ಸ್ಟೂಲು, ಒಂದು ಮೈಕು, ಅವಳ ಪಾತ್ರೆಗಳು. ತನ್ನ ಮುಚ್ಚಳವನ್ನು ಕೈಗೆತ್ತಿಕೊಂಡಳು. ಇದನ್ನು ಬೇಕೆಂದೇ ಅರೆಗಳಿಗೆ ತಡಮಾಡಿ ಬಡಿದರೆ ಸಾಕು, ಮುಂದೆ ನಿಂತವನ ಬಣ್ಣ ಬಯಲಾಗುತ್ತದೆ. ಆ ಯೋಚನೆ ಒಂದು ಕ್ಷಣ ರುಚಿಯೆನಿಸಿತು. ಮರುಕ್ಷಣವೇ ಕಹಿಯಾಯಿತು. ಅವನನ್ನು ಸುಳ್ಳನೆಂದು ತೋರಿಸಲು ತನ್ನ ಕೆಲಸವನ್ನೇ ಕೆಡಿಸಿಕೊಳ್ಳಬೇಕೇ? ಒಂದು ಸದ್ದನ್ನೂ ಅವಳು ಈವರೆಗೆ ತಡವಾಗಿ ಮಾಡಿದವಳಲ್ಲ. ಸರಿಯಾಗಿ ಮಾಡಿದರೆ ಅದು ಅವನದು, ಕೆಡಿಸಿದರೆ ಮಾತ್ರ ತನ್ನದು. ಇದೆಂಥ ಲೆಕ್ಕ.

ಮುಚ್ಚಳವನ್ನು ಚೀಲಕ್ಕೆ ಹಾಕಿ ಕತ್ತರಿ ತೆಗೆದಳು. ವೇದಿಕೆಯ ಮುಂದಿನ ತೆರೆ ಇನ್ನೂ ಮುಚ್ಚಿತ್ತು. ಮೇಜಿನ ಹತ್ತಿರ ಬಂದು ಪಾತ್ರೆಗಳನ್ನು ಒಂದೊಂದಾಗಿ ಬೋರಲು ಹಾಕಿ ಹೊಲಿಗೆ ಕತ್ತರಿಸಿದಳು. ಬಾಣಲೆಯ ತಳದ ಬಟ್ಟೆ, ತಟ್ಟೆಯದು, ಕೊನೆಗೆ ಮುಚ್ಚಳದ ಅಂಚಿನದು, ಎಲ್ಲವೂ ಕಳಚಿ ಬಂತು. ಬಟ್ಟೆಯನ್ನೆಲ್ಲ ಉಂಡೆ ಮಾಡಿ ಪರದೆಯ ಹಿಂದಿನ ಸ್ಟೂಲಿನ ಮೇಲಿಟ್ಟಳು. ಪಾತ್ರೆಗಳನ್ನು ಅವನಿಗೆ ಬೇಕಾದ ಸಾಲಿನಲ್ಲೇ ಇಟ್ಟಳು, ಅದರಲ್ಲಿ ಮೋಸ ಮಾಡಲಿಲ್ಲ. ಆಮೇಲೆ ಪಕ್ಕದ ಮೆಟ್ಟಿಲಿಳಿದು ಸಭೆಯೊಳಗೆ ಬಂದು, ಗುರುತಿಲ್ಲದ ಒಬ್ಬ ಹೆಂಗಸಿನ ಪಕ್ಕ ಖಾಲಿಯಿದ್ದ ಕುರ್ಚಿಯಲ್ಲಿ ಕೂತಳು.

ತೆರೆ ಸರಿಯಿತು. ಚಪ್ಪಾಳೆ. ಗಂಡ ಮೇಜಿನ ಹಿಂದೆ ನಿಂತು ಎರಡು ಮಾತಾಡಿದ. ದೀಪ ಸಣ್ಣದಾಯಿತು. ಪರದೆಯ ಮೇಲೆ ಅಡುಗೆಮನೆ ಮೂಡುವ ಮುಂಚೆ ಅವನು ಪರದೆಯ ಕಡೆ ಕತ್ತು ತಿರುಗಿಸಿ ಕೆಮ್ಮಿದ. ಅದು ಅವರಿಬ್ಬರ ನಡುವೆ ಗೊತ್ತುಮಾಡಿಕೊಂಡಿದ್ದ ಸನ್ನೆ, ಅದಕ್ಕೆ ಅವಳು ಒಂದು ಚಮಚ ಮಿಡಿದು ಓಗೊಡಬೇಕಿತ್ತು. ಅವನು ಇನ್ನೊಮ್ಮೆ, ಸ್ವಲ್ಪ ಜೋರಾಗಿ ಕೆಮ್ಮಿದ.

"ಪಾಪ, ಅವರಿಗೆ ನೀರು ಬೇಕೇನೋ," ಎಂದು ಪಕ್ಕದ ಹೆಂಗಸು ಪಿಸುಗುಟ್ಟಿದಳು. "ಯಾರಾದ್ರೂ ಹೋಗಿ ಕೊಡಬಾರ್ದಾ?"

"ಅಲ್ಲೇ ಮೇಜಿನ ಮೇಲಿದೆ," ಎಂದಳು ಅವಳು. "ಅವರೇ ತಗೋಳ್ಲಿ."